ಸಭಾಂಗಣದಲ್ಲಿ ಅಮ್ಮನಿಗೆ ಮಾತು ಕೇಳಿಸಬೇಕು: ಲೂಪ್ ಹಾಕಿಸೋದಾ, ರಿಸೀವರ್ ಇಡೋದಾ, ಆರಾಕಾಸ್ಟ್‌ಗೆ ಕಾಯೋದಾ?

ಕೊನೆಸಾಲು

ನಮ್ಮಮ್ಮ ಎರಡೂ ಕಿವಿಗೆ ಮಷೀನ್ ಹಾಕೋಕೆ ಶುರು ಮಾಡಿ ಆರು ವರ್ಷವಾಯ್ತು. ಮನೆಯಲ್ಲಿ ಎದುರುಬದುರು ಕೂತು ಮಾತಾಡಿದರೆ ಏನೂ ತೊಂದರೆಯಿಲ್ಲ. ಫೋನಿನಲ್ಲೂ ಪರವಾಗಿಲ್ಲ. ಆದರೆ ಸಭೆ, ಉಪನ್ಯಾಸ, ನಾಟಕ ಅಂದರೆ ಈಗ ಬರೋದೇ ಇಲ್ಲ ಅಂತಾರೆ. "ಎಲ್ಲರೂ ನಕ್ಕಾಗ ಯಾಕೆ ಅಂತ ಗೊತ್ತಿಲ್ಲದೆ ನಾನೂ ಒಂದು ಗಳಿಗೆ ತಡವಾಗಿ ನಗಬೇಕು. ಅದಕ್ಕಿಂತ ಮನೆಯಲ್ಲಿರೋದೇ ವಾಸಿ" ಅಂದರು ಹೋದ ತಿಂಗಳು. ಆ ಮಾತು ಇನ್ನೂ ತಲೆಯಲ್ಲೇ ಇದೆ.

ಅದಕ್ಕೆ ಮುಂಚೆ ಒಂದು ಉಪನ್ಯಾಸಕ್ಕೆ ಬಲವಂತ ಮಾಡಿ ಕರ್ಕೊಂಡು ಹೋಗಿದ್ದೆ. ಬಾಗಿಲ ಹತ್ತಿರ ನೀಲಿ ಫಲಕ, ಅದರಲ್ಲಿ ಕಿವಿಯ ಚಿತ್ರ, ಚಿತ್ರಕ್ಕೆ ಓರೆಯಾಗಿ ಒಂದು ಗೆರೆ. ನೋಡಿ ಖುಷಿಯಾಯ್ತು. ಒಳಗೆ ವಿಚಾರಿಸಿದರೆ ಯಾರಿಗೂ ಅದೇನು ಅಂತ ಗೊತ್ತಿಲ್ಲ. ಇಪ್ಪತ್ತು ನಿಮಿಷ ಕಾದ ಮೇಲೆ ಒಬ್ಬರು ಬೀರುವಿನಿಂದ ಡಬ್ಬಿ ತಂದರು. ನಾಲ್ಕು ರಿಸೀವರ್ ಇತ್ತು, ಮೂರರ ಬ್ಯಾಟರಿ ಸತ್ತಿತ್ತು. ನಾಲ್ಕನೆಯದರ ಜೊತೆ ಇದ್ದದ್ದು ಕಿವಿಯೊಳಗೆ ತೂರಿಸುವ ಇಯರ್‌ಫೋನ್. ಅದನ್ನು ಹಾಕಬೇಕಾದರೆ ಅಮ್ಮ ತಮ್ಮ ಮಷೀನ್ ತೆಗೀಬೇಕು. ಜನ ತಿರುಗಿ ನೋಡ್ತಿದ್ದರು. ಅಮ್ಮ ಡಬ್ಬಿ ವಾಪಸ್ ಕೊಟ್ಟು ಸುಮ್ಮನೆ ಕೂತುಬಿಟ್ಟರು.

ಈಗ ಕೇಳ್ತಿರೋದಕ್ಕೆ ಕಾರಣ ಇದೆ. ನಾನಿರುವ ಸಂಘದ 300 ಆಸನದ ಸಭಾಂಗಣ ದುರಸ್ತಿಯಾಗ್ತಿದೆ. ಕುರ್ಚಿ, ನೆಲಹಾಸು ಎಲ್ಲ ಕಿತ್ತಿದ್ದಾರೆ, ಧ್ವನಿವ್ಯವಸ್ಥೆ ಹೊಸದು ಬರತ್ತೆ. ಕಿವಿ ಮಂದವಿರುವವರಿಗೆ ಏನು ಮಾಡೋಣ ಅಂದರೆ "ಸ್ಪೀಕರ್ ಜೋರಾಗಿದ್ದರೆ ಎಲ್ಲರಿಗೂ ಕೇಳ್ಸತ್ತೆ ಬಿಡಿ" ಅಂದರು ಸಂಘದ ಸಮಿತಿಯವರು. ಅದು ಸರಿಯಲ್ಲ ಅಂತ ಗೊತ್ತು, ಆದರೆ ಯಾಕೆ ಸರಿಯಲ್ಲ ಅಂತ ವಿವರಿಸೋಕೆ ನನಗೆ ಬರ್ತಿಲ್ಲ. ತಿಳಿದವರು ಹೇಳ್ತೀರಾ?

ಶ್ರವಣಪಟ (ಆಡಿಯಾಲಜಿಸ್ಟ್)

ಸಮಿತಿಯವರ ಮಾತಿನಿಂದಲೇ ಶುರು ಮಾಡ್ತೀನಿ ಮೇಡಂ. ನನ್ನ ಬಳಿ ಬರುವ ಮನೆಯವರೂ ಇದನ್ನೇ ಹೇಳ್ತಾರೆ: "ಸ್ವಲ್ಪ ಜೋರಾಗಿ ಮಾತಾಡಿದರಾಯ್ತಲ್ಲ."

ಕಿವಿ ಮಂದವಾಗೋದು ಬರೀ ವಾಲ್ಯೂಮ್ ತಗ್ಗಿದ ಹಾಗಲ್ಲ. ವಯಸ್ಸಾದಂತೆ ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲುಕೋಶಗಳು ಹಾಳಾಗ್ತವೆ, ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಕೈಕೊಡೋದು ಹೆಚ್ಚು ಕಂಪನಾಂಕದ ಸದ್ದುಗಳು. ಹಾಗಾಗಿ ಸ್ವರಗಳು ಉಳೀತವೆ, ವ್ಯಂಜನಗಳು ಜಾರ್ತವೆ. ಕಟ್ಟು, ತಟ್ಟು, ಪಟ್ಟು ಮೂರೂ ಒಂದೇ ಥರ ಕೇಳ್ಸತ್ತೆ. "ಸದ್ದು ಬರತ್ತೆ, ಮಾತು ಏನು ಅಂತ ಗೊತ್ತಾಗಲ್ಲ" ಅಂತ ಎಲ್ಲರೂ ಹೇಳೋದು ಇದಕ್ಕೇ. ಮೆಲುದನಿ ಕೇಳಿಸದ ಅದೇ ಕಿವಿಗೆ ಜೋರು ಸದ್ದು ಬೇಗ ಹಿಂಸೆಯೂ ಆಗತ್ತೆ. ಸ್ಪೀಕರ್ ಜೋರು ಮಾಡಿದರೆ ಅಮ್ಮನಿಗೆ ಅರ್ಥವಾಗದ ಮಾತು ಇನ್ನಷ್ಟು ಜೋರಾಗಿ ಬಡಿಯತ್ತೆ, ಅಷ್ಟೇ.

ಎರಡನೆಯ ತೊಂದರೆ ದೂರದ್ದು. ದೂರ ಎರಡರಷ್ಟಾದಾಗಲೆಲ್ಲ ನೇರವಾಗಿ ಬರುವ ಧ್ವನಿ 6 ಡೆಸಿಬಲ್ ಇಳಿಯತ್ತೆ. ಗೋಡೆ, ಚಾವಣಿಗೆ ಬಡಿದು ಬರುವ ಮಾರ್ದನಿ ಹಾಗೆ ಇಳಿಯುವುದಿಲ್ಲ. ಹಿಂದಿನ ಸಾಲುಗಳಿಗೆ ತಲುಪುವುದರಲ್ಲಿ ಮಾತಿಗಿಂತ ಮಾರ್ದನಿಯೇ ಹೆಚ್ಚು. ಕಿವಿಯ ಮಷೀನು ಎದುರಿಗೆ ಒಂದೆರಡು ಮೀಟರ್ ದೂರದಲ್ಲಿ ಕೂತವರ ಮಾತಿಗೆ ಚೆನ್ನಾಗಿ ಒದಗತ್ತೆ. ಅದರ ಮೈಕ್ ಇರೋದು ಅಮ್ಮನ ಕಿವಿಯ ಹಿಂದೆ ತಾನೇ? ಅಲ್ಲಿಗೆ ಮಾತು, ಮಾರ್ದನಿ, ಪಕ್ಕದವರ ಕೆಮ್ಮು, ಫ್ಯಾನಿನ ಸದ್ದು ಎಲ್ಲ ಬೆರೆತೇ ಬಂದಿರತ್ತೆ. ಬೆರೆತ ಮೇಲೆ ಬಿಡಿಸೋದು ಕಷ್ಟ. ಆದ್ದರಿಂದ ಭಾಷಣಕಾರರ ಬಾಯಿ ಹತ್ತಿರದ ಮೈಕಿನಿಂದ ಧ್ವನಿಯನ್ನು ಗಾಳಿಯ ದಾರಿ ತಪ್ಪಿಸಿ ಸೀದಾ ಕಿವಿಗೆ ಮುಟ್ಟಿಸಬೇಕು. ಲೂಪ್ (ನೆಲದಡಿ ಹಾಕುವ ತಂತಿ), ಎಫ್‌ಎಂ (ರೇಡಿಯೋ), ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು), ಆರಾಕಾಸ್ಟ್ (ಹೊಸ ಬಗೆಯ ಬ್ಲೂಟೂತ್) ಎಲ್ಲ ಮಾಡೋದು ಈ ಕೆಲಸವನ್ನೇ. ದಾರಿ ಮಾತ್ರ ಬೇರೆ.

"ನಾಲ್ಕೈದು ಜನಕ್ಕೆ ಇಷ್ಟೆಲ್ಲ ಯಾಕೆ" ಅಂತ ಯಾರಾದರೂ ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ತೋರಿಸಿ. ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ಜನಕ್ಕೆ ಒಂದಲ್ಲ ಒಂದು ಮಟ್ಟದ ಶ್ರವಣದೋಷ ಇದೆ. ಅಂದರೆ ಹತ್ತಿರ ಹತ್ತಿರ ಐವರಲ್ಲಿ ಒಬ್ಬರು. ನಿಮ್ಮ ಸಭೆಗಳಲ್ಲಿ ಅವರು ಕಾಣುತ್ತಿಲ್ಲ ಅಂದರೆ ನಿಮ್ಮಮ್ಮನ ಹಾಗೆ ಬರೋದನ್ನೇ ಬಿಟ್ಟಿರಬಹುದು.

ಒಂದು ಪ್ರಶ್ನೆ: ಅಮ್ಮನ ಮಷೀನಿನಲ್ಲಿ ಟೆಲಿಕಾಯಿಲ್ ಇದೆಯಾ?

ಎಡಗಿವಿ

ನಾನು ಮೂವತ್ತು ವರ್ಷಗಳಿಂದ ಮಷೀನು ಹಾಕುತ್ತಿರುವವನು. ಬಲಗಿವಿ ಪೂರ್ತಿ ಹೋಗಿದೆ, ಇರುವುದು ಎಡಗಿವಿಯೊಂದೇ. ಟೆಲಿಕಾಯಿಲ್ ಎಂದರೆ ಮಷೀನಿನೊಳಗಿರುವ ಪುಟ್ಟ ತಾಮ್ರದ ಸುರುಳಿ. ಹಿಂದೆ ಫೋನಿನ ರಿಸೀವರಿನಿಂದ ಸೋರುತ್ತಿದ್ದ ಕಾಂತಕ್ಷೇತ್ರವನ್ನು ಹಿಡಿಯಲೆಂದು ಇಟ್ಟಿದ್ದು, ಅದಕ್ಕೇ ಆ ಹೆಸರು. ನನ್ನ ಹಳೆಯ ಮಷೀನಿನಲ್ಲಿ ಎಂ, ಟಿ ಎಂದು ಎರಡು ಗುರುತಿನ ಸ್ವಿಚ್ ಇತ್ತು. ಟಿ ಎಂದರೆ ಮೈಕ್ ಮುಚ್ಚಿ ಸುರುಳಿ ತೆರೆದಂತೆ.

ಮೊದಲ ಸಲ ಲೂಪ್ ಇದ್ದ ಸಭಾಂಗಣದಲ್ಲಿ ಆ ಸ್ವಿಚ್ ಒತ್ತಿದ ದಿನ ಹೇಳುತ್ತೇನೆ. ಕುರ್ಚಿ ಎಳೆಯುವ ಸದ್ದು, ಗುಸುಗುಸು, ಕೆಮ್ಮು ಎಲ್ಲ ಪರದೆ ಬಿದ್ದಂತೆ ನಿಂತಿತು. ಆಮೇಲೆ ವೇದಿಕೆಯ ಮೇಲಿದ್ದವರು ಮಾತು ಶುರು ಮಾಡುವ ಮುನ್ನ ಉಸಿರೆಳೆದುಕೊಂಡದ್ದು ಕೇಳಿಸಿತು. ಹಾಳೆ ತಿರುಗಿಸಿದ್ದು ಕೇಳಿಸಿತು. ನಾನು ಕೂತಿದ್ದು ಹದಿನಾಲ್ಕನೆಯ ಸಾಲಿನಲ್ಲಿ. ಅಂದು ಕಣ್ಣಲ್ಲಿ ನೀರು ಬಂದದ್ದನ್ನು ಯಾರಿಂದಲೂ ಮುಚ್ಚಿಡಲಿಲ್ಲ.

ಅಮೆರಿಕದ ಹೋಪ್ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಡೇವಿಡ್ ಮೈಯರ್ಸ್ ಕೂಡ ಇಂಥದೇ ಅನುಭವ ಬರೆದಿದ್ದಾರೆ. 1999ರಲ್ಲಿ ಸ್ಕಾಟ್ಲೆಂಡಿನ ಅಯೋನಾದ ಹಳೆಯ ಕ್ರೈಸ್ತ ಮಠಕ್ಕೆ ಹೋಗಿದ್ದಾಗ ಕಲ್ಲುಗೋಡೆಗಳ ಮಾರ್ದನಿಯಲ್ಲಿ ಅವರಿಗೆ ಒಂದು ಮಾತೂ ತಿಳಿಯಲಿಲ್ಲವಂತೆ. ಅವರ ಪತ್ನಿ ಟಿ ಗುರುತಿನ ಫಲಕ ತೋರಿಸಿದರು, ಇವರು ಟೆಲಿಕಾಯಿಲ್ ಹಾಕಿದರು, ಎಲ್ಲ ತಿಳಿಯಾಗಿ ಕೇಳಿಸಿತು. ಊರಿಗೆ ಮರಳಿದ ಮೇಲೆ ಅಲ್ಲಿನ ಸಭಾಂಗಣಗಳಲ್ಲಿ ಲೂಪ್ ಹಾಕಿಸಲು ವರ್ಷಗಟ್ಟಲೆ ದುಡಿದರು.

ಕೊನೆಸಾಲು ಅವರೇ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಧ್ವನಿಯ ಗುಣಮಟ್ಟವೂ ಅಲ್ಲ. ಸ್ವಿಚ್ ನನ್ನ ಕಿವಿಯಲ್ಲೇ ಇದೆ. ಯಾರನ್ನೂ ಕೇಳಬೇಕಿಲ್ಲ, ಸಹಿ ಹಾಕಬೇಕಿಲ್ಲ, ಗುರುತಿನ ಚೀಟಿ ಅಡವಿಡಬೇಕಿಲ್ಲ, ಬೇರೆಯವರ ಕಿವಿಗೆ ಹೋಗಿ ಬಂದ ಇಯರ್‌ಫೋನ್ ಹಾಕಬೇಕಿಲ್ಲ. ಎಲ್ಲರಂತೆ ಬಂದು ಎಲ್ಲರಂತೆ ಕೂರುತ್ತೇನೆ. ನಿಮ್ಮ ತಾಯಿ ಡಬ್ಬಿ ವಾಪಸ್ ಕೊಟ್ಟಿದ್ದು ಏಕೆಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ತಾಮ್ರದತಂತಿ (ಸೌಂಡ್ ಎಂಜಿನಿಯರ್)

ನೆಲಹಾಸು ಕಿತ್ತಿದ್ದಾರೆ ಅಂದ್ರಲ್ಲ, ಲೂಪ್ ಹಾಕೋಕೆ ಇದಕ್ಕಿಂತ ಒಳ್ಳೆ ಸಮಯ ಮತ್ತೆ ಸಿಗಲ್ಲ. ಮುಚ್ಚಿದ ಮೇಲೆ ಮತ್ತೆ ಕೀಳೋಕೆ ಯಾರೂ ಒಪ್ಪಲ್ಲ.

ತಂತ್ರ ಹೊಸದಲ್ಲ. 1937ರಲ್ಲೇ ಬ್ರಿಟನ್ನಿನಲ್ಲಿ ಜೋಸೆಫ್ ಪೋಲಿಯಕಾಫ್ ಪೇಟೆಂಟ್ ಮಾಡಿದ್ದು. ನೆಲದಡಿ ತಂತಿ ಸುತ್ತಿ ಅದರಲ್ಲಿ ಮೈಕಿನ ಸಿಗ್ನಲ್ ಹರಿಸ್ತೀವಿ, ತಂತಿಯ ಸುತ್ತ ಕಾಂತಕ್ಷೇತ್ರ ಏರಿಳಿಯತ್ತೆ, ಕಿವಿಯ ಸುರುಳಿಯಲ್ಲಿ ಅದೇ ಏರಿಳಿತ ಮತ್ತೆ ವಿದ್ಯುತ್ತಾಗತ್ತೆ. ಶಾಲೆಯಲ್ಲಿ ಓದಿದ ಫ್ಯಾರಡೆ ನಿಯಮ.

ಆದರೆ ಕೆಟ್ಟದಾಗಿ ಹಾಕಿದ ಲೂಪ್‌ಗಳನ್ನೂ ಬೇಕಾದಷ್ಟು ನೋಡಿದೀನಿ. ಅದಕ್ಕೆ ಗುತ್ತಿಗೆ ಪತ್ರದಲ್ಲಿ "ಲೂಪ್ ಅಳವಡಿಸುವುದು" ಅಂತ ಬರೆದು ಬಿಡಬೇಡಿ. "ಐಇಸಿ 60118-4 ಪ್ರಕಾರ ಅಳೆದು ವರದಿ ಕೊಡುವುದು" ಅಂತ ಬರೆಸಿ. ಅದು ಲೂಪ್‌ಗಳ ಅಂತಾರಾಷ್ಟ್ರೀಯ ಮಾನದಂಡ, ಅದರಲ್ಲಿ ಮೂರು ಮಾತು ಮುಖ್ಯ. ಮಾತು ಏರಿದಾಗ ಕಾಂತಕ್ಷೇತ್ರದ ಬಲ ಮೀಟರಿಗೆ 400 ಮಿಲಿಆಂಪಿಯರ್ ಮುಟ್ಟಬೇಕು. 100 ಹರ್ಟ್ಸ್‌ನಿಂದ 5000 ಹರ್ಟ್ಸ್‌ವರೆಗೆ 3 ಡೆಸಿಬಲ್‌ಗಿಂತ ಹೆಚ್ಚು ಏರುಪೇರು ಇರಬಾರದು. ಲೂಪ್ ಆಫ್ ಇದ್ದಾಗ ಕಟ್ಟಡದ ವೈರಿಂಗ್‌ನಿಂದ ಬರುವ ಗುಂಯ್ ಸದ್ದು ಮಿತಿಯೊಳಗಿರಬೇಕು. ಅಳೆಯೋದು ಕೂತವರ ಕಿವಿಯ ಎತ್ತರದಲ್ಲಿ, 1.2 ಮೀಟರ್. ವೇದಿಕೆ ಪಕ್ಕ ಒಂದೇ ಕಡೆ ಅಳೆದು "ಓಕೆ ಸರ್" ಅನ್ನೋದಲ್ಲ, ಎಲ್ಲ ಆಸನಗಳ ಜಾಗದಲ್ಲೂ.

ನೆಲದ ಕಾಂಕ್ರೀಟಿನೊಳಗೆ ಕಬ್ಬಿಣದ ಸರಳಿರತ್ತೆ. ಅದು ಕಾಂತಕ್ಷೇತ್ರವನ್ನು ನುಂಗತ್ತೆ, ಅದರಲ್ಲೂ ಹೆಚ್ಚು ಕಂಪನಾಂಕದ್ದನ್ನು. ಶ್ರವಣಪಟ ಮೇಡಂ ಹೇಳಿದ ವ್ಯಂಜನಗಳು ಇರೋದು ಅಲ್ಲೇ. ಗೋಡೆ ಬದಿಯಲ್ಲಿ ಒಂದೇ ಸುತ್ತು ತಂತಿ ಎಳೆದರೆ ನಡುವಿನ ಸಾಲುಗಳಲ್ಲಿ ಸದ್ದು ಮಂಕಾಗತ್ತೆ. ಆಗ ಸಾಲುಗಳ ನಡುವೆ ಹಾದುಹೋಗುವ ಹಾಗೆ ಎರಡು ಲೂಪ್ ಹಾಕಿ, ಒಂದರ ಸಿಗ್ನಲ್ ಅಲೆ ಇನ್ನೊಂದಕ್ಕಿಂತ ಸ್ವಲ್ಪ ಹಿಂದೆ ಬೀಳುವ ಹಾಗೆ (ಫೇಸ್ ಬದಲಿಸಿ) ಕೊಡಬೇಕು. ಪಕ್ಕದ ಕೋಣೆಗೆ ಸೋರೋದೂ ಅದರಿಂದ ಕಡಿಮೆಯಾಗತ್ತೆ. ಯಾವುದು ಬೇಕು ಅಂತ ಊಹೆ ಮಾಡೋದು ಬೇಡ. ತಾತ್ಕಾಲಿಕವಾಗಿ ತಂತಿ ಹಾಸಿ, ಟೇಪ್ ಅಂಟಿಸಿ ಅಳೆದು ನೋಡಲಿ. ಅರ್ಧ ದಿನದ ಕೆಲಸ.

ಫಲಕದ ವಿಷಯ: ಕಿವಿಯ ಚಿತ್ರದ ಮೂಲೆಯಲ್ಲಿ ಇಂಗ್ಲಿಷಿನ ಟಿ ಅಕ್ಷರ ಇದ್ದರೆ ಲೂಪ್ ಇದೆ ಅಂತ. ನೀವು ನೋಡಿದ್ದು ಟಿ ಇಲ್ಲದ್ದು ಅನ್ಸತ್ತೆ.

ಹೊಸಅಲೆ

ಎಲ್ಲರೂ ಲೂಪ್ ಅಂತಿದ್ದೀರಿ. ನಾನು ಇಪ್ಪತ್ತಾರರವಳು, ಹುಟ್ಟಿನಿಂದ ಎರಡೂ ಕಿವಿ ಮಂದ. ನನ್ನ ಈಗಿನ ಮಷೀನಿನಲ್ಲಿ ಟೆಲಿಕಾಯಿಲ್ ಇಲ್ಲ. ರೀಚಾರ್ಜ್ ಆಗುವ ಸಣ್ಣ ಮಾಡೆಲ್‌ಗಳಲ್ಲಿ ಜಾಗ ಸಾಲದು ಅಂತ ಎಷ್ಟೋ ಕಡೆ ಬಿಟ್ಟುಬಿಡ್ತಾರೆ. ಲೂಪ್ ಇರುವ ಸಭಾಂಗಣಕ್ಕೆ ಹೋದರೂ ನನಗೆ ಪ್ರಯೋಜನವಿಲ್ಲ.

ಆರಾಕಾಸ್ಟ್ ಬಗ್ಗೆ ಗಂಭೀರವಾಗಿ ಯೋಚಿಸಿ. 2022ರಲ್ಲಿ ಬ್ಲೂಟೂತ್ ಸಂಘಟನೆ ಈ ಹೆಸರಿನಲ್ಲಿ ಪ್ರಕಟಿಸಿದ್ದು. ಹಳೆಯ ಬ್ಲೂಟೂತ್ ಥರ ಒಂದಕ್ಕೊಂದು ಜೋಡಿಸಬೇಕಿಲ್ಲ. ಸಭಾಂಗಣದ ಟ್ರಾನ್ಸ್‌ಮಿಟರ್ ರೇಡಿಯೋ ಕೇಂದ್ರದ ಹಾಗೆ ಬಿತ್ತರಿಸತ್ತೆ, ಎಷ್ಟು ಜನ ಬೇಕಾದರೂ ಹಿಡೀಬಹುದು. ನೆಲ ಅಗೆಯೋದಿಲ್ಲ, ಕಬ್ಬಿಣದ ಸರಳಿನ ಕಾಟವಿಲ್ಲ. ಒಂದೇ ಜಾಗದಲ್ಲಿ ಎರಡು ಮೂರು ಭಾಷೆಯ ಅನುವಾದವನ್ನೂ ಬೇರೆ ಬೇರೆ ವಾಹಿನಿಯಾಗಿ ಕೊಡಬಹುದು. ಮಷೀನ್ ಇಲ್ಲದವರು ಸಾಮಾನ್ಯ ಇಯರ್‌ಬಡ್‌ನಲ್ಲೇ ಕೇಳಬಹುದು, ಅದು ಆರಾಕಾಸ್ಟ್‌ಗೆ ಹೊಂದುವಂಥದಾಗಿದ್ದರೆ. ನನ್ನ ವಯಸ್ಸಿನವರು ಮುಜುಗರವಿಲ್ಲದೆ ಬಳಸೋದು ಇದನ್ನೇ.

ಎಡಗಿವಿ

ಹೊಸಅಲೆ ಅವರೇ, ನಿಮ್ಮ ಮಾತು ನನಗೆ ನಾಟಿತು. ಟೆಲಿಕಾಯಿಲ್ ಇಲ್ಲದ ಮಷೀನು ಮಾರುವಾಗ "ಇದರಲ್ಲಿ ಅದಿಲ್ಲ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವುದಿಲ್ಲ, ಅದು ಅನ್ಯಾಯ.

ಆದರೆ ನನ್ನ ಮಷೀನಿಗೆ ಆರಾಕಾಸ್ಟ್ ಹಿಡಿಯಲು ಬರುವುದಿಲ್ಲ. ನನ್ನ ವಯಸ್ಸಿನ ಗೆಳೆಯರಲ್ಲಿ ಹೆಚ್ಚಿನವರದೂ ಹಾಗೇ. ಮಷೀನನ್ನು ವರ್ಷವರ್ಷ ಬದಲಿಸುವವರು ನಾವಲ್ಲ. ವಾಹಿನಿ ಆರಿಸಲು ಮೊಬೈಲ್ ತೆಗೆದು ಪರದೆ ತಡಕಾಡುವುದು ನಡುಗುವ ಕೈಗೆ ಸುಲಭವಲ್ಲ. ಬರಲಿರುವುದಕ್ಕಾಗಿ ಇರುವುದನ್ನು ಕಿತ್ತುಹಾಕಬೇಡಿ ಎಂದಷ್ಟೇ ನನ್ನ ಕೋರಿಕೆ.

ತಾಮ್ರದತಂತಿ

ಇಬ್ಬರೂ ಹೇಳ್ತಿರೋದು ಸರಿ, ಮತ್ತೆ ಎರಡನ್ನೂ ಹಾಕೋದು ಜನ ಅಂದ್ಕೊಂಡಷ್ಟು ಕಷ್ಟವಲ್ಲ. ಮಿಕ್ಸರ್‌ನಿಂದ ಹೊರಡುವ ಒಂದೇ ಸಿಗ್ನಲ್ ಲೂಪ್ ಆಂಪ್ಲಿಫೈಯರ್‌ಗೂ ಆರಾಕಾಸ್ಟ್ ಟ್ರಾನ್ಸ್‌ಮಿಟರ್‌ಗೂ ಹೋಗಬಹುದು. ಇವತ್ತು ಲೂಪ್ ಹಾಕಿ, ಟ್ರಾನ್ಸ್‌ಮಿಟರ್‌ಗೆ ಒಂದು ಕನೆಕ್ಷನ್, ಒಂದು ಪ್ಲಗ್ ಪಾಯಿಂಟ್ ಬಿಡಿಸಿಡಿ.

ಉಳಿದವುಗಳ ಬಗ್ಗೆ ಚುಟುಕಾಗಿ. ಎಫ್‌ಎಂ ಗೋಡೆ ದಾಟತ್ತೆ, ಬಯಲಲ್ಲಿ, ಕ್ರೀಡಾಂಗಣದಲ್ಲಿ ಒಳ್ಳೇದು, ಗುಟ್ಟಿನ ಸಭೆಗೆ ಆಗಲ್ಲ. ಇನ್‌ಫ್ರಾರೆಡ್ ಬೆಳಕಿನ ಥರ, ಗೋಡೆ ದಾಟಲ್ಲ, ಅದಕ್ಕೇ ನ್ಯಾಯಾಲಯ, ಥಿಯೇಟರ್‌ಗಳಲ್ಲಿ ಬಳಸೋದು. ನೇರ ಬಿಸಿಲು ಬಿದ್ದರೆ ಕೆಡತ್ತೆ. ಎರಡಕ್ಕೂ ರಿಸೀವರ್ ಹಂಚಬೇಕು, ಚಾರ್ಜ್ ಮಾಡಬೇಕು, ತೊಳೀಬೇಕು. ವೈಫೈ ಮೂಲಕ ಮೊಬೈಲಿಗೆ ಕಳಿಸೋದೂ ಇದೆ, ಆದರೆ ತಡ ಜಾಸ್ತಿಯಾದರೆ ತುಟಿ ಒಂದು ಹೇಳತ್ತೆ, ಕಿವಿಗೆ ಇನ್ನೊಂದು ಬರತ್ತೆ. ತುಟಿ ನೋಡಿ ಅರ್ಥ ಮಾಡ್ಕೊಳ್ಳೋವ್ರಿಗೆ ಅದು ಇಲ್ಲದ್ದಕ್ಕಿಂತ ಕಷ್ಟ.

ರಿಸೀವರ್ ಇಡೋದಾದರೆ ನೆಕ್‌ಲೂಪ್ ಜೊತೆ ಇಡಿ. ಕೊರಳಿಗೆ ಹಾಕುವ ತಂತಿ, ಅದೇ ಪುಟ್ಟ ಲೂಪ್. ಟೆಲಿಕಾಯಿಲ್ ಇದ್ದವರು ಮಷೀನ್ ತೆಗೆಯೋದೇ ಬೇಡ. ಕೊನೆಸಾಲು ಅವರ ಅಮ್ಮನಿಗೆ ಆವತ್ತು ಕೊಡಬೇಕಾಗಿದ್ದದ್ದು ಅದನ್ನ. ಅಮೆರಿಕದ 2010ರ ಮಾನದಂಡದಲ್ಲಿ 300 ಆಸನಕ್ಕೆ ಲೆಕ್ಕ ಹಾಕಿದರೆ 12 ರಿಸೀವರ್, ಅದರಲ್ಲಿ 3 ಮಷೀನ್ ಹಾಕುವವರಿಗೆ ಹೊಂದುವಂಥದ್ದು. ಎಲ್ಲ ಆಸನಕ್ಕೂ ಲೂಪ್ ಇದ್ದರೆ ಆ ಮೂರು ಬೇಡ ಅಂತ ವಿನಾಯಿತಿ ಇದೆ. ಮಷೀನೇ ಇಲ್ಲದ, ಆದರೆ ಕಿವಿ ಮಂದವಿರುವ ಜನಕ್ಕೆ ಲೂಪ್ ಜೊತೆಗೂ ಒಂದಷ್ಟು ರಿಸೀವರ್ ಬೇಕೇ ಬೇಕು.

ಓದುವಕಣ್ಣು

ನನಗೆ ಕಿವಿ ಪೂರ್ತಿ ಕೇಳುವುದಿಲ್ಲ. ಮಷೀನು ಹಾಕುವುದಿಲ್ಲ. ಲೂಪ್, ಆರಾಕಾಸ್ಟ್ ಯಾವುದೂ ನನಗಲ್ಲ.

ಸಮಿತಿಯವರು ಲೂಪ್ ಹಾಕಿ "ಕಿವಿ ಕೇಳದವರ ಕೆಲಸ ಮುಗಿಯಿತು" ಎಂದು ಬರೆದುಕೊಳ್ಳುವ ಮೊದಲು ಒಂದು ಪರದೆಗೂ ಜಾಗ ಇಡಿ. ಆಡಿದ ಮಾತು ಅಕ್ಷರವಾಗಿ ಓಡುವ ಪರದೆ. ಪರಿಣತ ಬೆರಳಚ್ಚುಗಾರರು ಮಾಡಿದರೆ ಉತ್ತಮ. ತಂತ್ರಾಂಶ ಮಾಡಿದರೆ ಹೆಸರುಗಳು, ಅಂಕಿಗಳು ತಪ್ಪುತ್ತವೆ, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ಸಂಜ್ಞಾ ಭಾಷೆಯ ಅನುವಾದಕರು ನಿಲ್ಲುವ ಜಾಗಕ್ಕೆ ಬೆಳಕು ಬೇಕು. ಸಭಾಂಗಣ ಕತ್ತಲು ಮಾಡುವಾಗ ಅವರ ಮೇಲಿನ ದೀಪವನ್ನೂ ಆರಿಸಿಬಿಡುತ್ತಾರೆ, ಅಲ್ಲಿಗೆ ನಮಗೆ ಕಾರ್ಯಕ್ರಮ ಮುಗಿದಂತೆ.

ಶ್ರವಣಪಟ

ಓದುವಕಣ್ಣು ಅವರ ಮಾತನ್ನು ದಯವಿಟ್ಟು ಕೊನೆಯ ಸಾಲಿಗೆ ಸೇರಿಸಬೇಡಿ. ಮಷೀನ್ ಹಾಕುವವರಿಗೂ ಅಕ್ಷರ ದೊಡ್ಡ ಆಸರೆ. ಎರಡು ಗಂಟೆ ಕಿವಿಗೊಟ್ಟು ಕೇಳೋದರ ದಣಿವು ಕೇಳುವವರಿಗೆ ಊಹಿಸಲೂ ಆಗದು.

ಮುಂಗಟ್ಟೆ

ನಾನು ಕೌಂಟರ್‌ನಲ್ಲಿ ಕೂರುವ ಕೆಲಸ ಮಾಡಿದವಳು, ಅದಕ್ಕೇ ಹೇಳ್ತಿದೀನಿ. ನಮ್ಮ ಗಾಜಿನ ಕಿಟಕಿಯಲ್ಲೂ ಕೌಂಟರ್ ಲೂಪ್ ಇತ್ತು. ನಾನು ಸೇರಿ ಎಂಟು ತಿಂಗಳಾದರೂ ಅದೇನು ಅಂತ ಯಾರೂ ಹೇಳಿರಲಿಲ್ಲ. ಅದರ ಪ್ಲಗ್ ತೆಗೆದು ಮೊಬೈಲ್ ಚಾರ್ಜರ್ ಹಾಕ್ತಿದ್ವಿ. ಒಬ್ಬ ಅಜ್ಜಿ ಬಂದು ಕಿವಿ ಮುಟ್ಟಿ, ಗಾಜಿನ ಮೇಲಿನ ಚಿತ್ರ ತೋರಿಸಿ, ತಲೆ ಅಲ್ಲಾಡಿಸಿದರು. ನಾನು ಏನು ಮಾಡಿದೆ ಗೊತ್ತಾ, ಇನ್ನೂ ಜೋರಾಗಿ ಕಿರುಚಿದೆ. ಹಿಂದೆ ನಿಂತವರೆಲ್ಲ ಅವರ ವಿಷಯ ಕೇಳಿಸಿಕೊಂಡರು, ಅವರಿಗೊಬ್ಬರಿಗೆ ಕೇಳಿಸಲಿಲ್ಲ. ಅವರ ಮುಖ ಇವತ್ತಿಗೂ ನೆನಪಿದೆ.

ಆಮೇಲೆ ನಾನೇ ಕಲಿತೆ. ಬೆಳಿಗ್ಗೆ ಬಂದ ತಕ್ಷಣ ಲೂಪ್ ಪರೀಕ್ಷಿಸುವ ಪುಟ್ಟ ಯಂತ್ರ ಹಿಡಿದು, ಹೆಡ್‌ಫೋನ್ ಹಾಕಿ ಒಮ್ಮೆ ಕೇಳೋದು. ಒಂದು ನಿಮಿಷ. ದೀಪ ಉರಿಯತ್ತಾ ಅಂತ ನೋಡಿ ಬಿಡೋದಲ್ಲ, ಕೇಳಬೇಕು. ನಿಮ್ಮ ಸಭಾಂಗಣದಲ್ಲಿ ಈ ಕೆಲಸ ಯಾರದು ಅಂತ ಹೆಸರು ಬರೆದಿಡಿ ಮೇಡಂ. ಹೆಸರಿಲ್ಲದ ಕೆಲಸ ಯಾರೂ ಮಾಡಲ್ಲ.

ತಾಮ್ರದತಂತಿ

ಇದಕ್ಕೆ ನಾನೊಂದು ಸೇರಿಸ್ತೀನಿ, ನನಗೆ ತುಂಬ ಸಂಕಟ ಕೊಡೋ ವಿಷಯ. "ನನ್ನ ದನಿ ದೊಡ್ಡದು, ಮೈಕ್ ಬೇಡ" ಅಂತ ಮೈಕ್ ಪಕ್ಕಕ್ಕಿಡುವ ಭಾಷಣಕಾರರು. ಆ ಕ್ಷಣಕ್ಕೆ ಲೂಪ್ ಕೇಳುತ್ತಿದ್ದವರಿಗೆ ಪೂರ್ತಿ ಮೌನ. ಟಿ ಹಾಕಿಕೊಂಡವರ ಮೈಕ್ ಮುಚ್ಚಿರತ್ತಲ್ಲ, ಅವರಿಗೆ ಹೊರಗಿನ ಸದ್ದೂ ಇಲ್ಲ. ಪ್ರಶ್ನೋತ್ತರದಲ್ಲೂ ಅಷ್ಟೇ. ಸಭಿಕರು ಕೂತಲ್ಲಿಂದಲೇ ಕೇಳ್ತಾರೆ, ಉತ್ತರ ಮಾತ್ರ ಮೈಕಿನಲ್ಲಿ ಬರತ್ತೆ. ಓಡಾಡಿಸೋಕೆ ಒಂದು ಮೈಕ್ ಇಡಿ, ಅಥವಾ ಉತ್ತರಿಸುವವರು ಮೊದಲು ಪ್ರಶ್ನೆಯನ್ನು ಮೈಕಿನಲ್ಲಿ ಮತ್ತೆ ಹೇಳಲಿ. ಕಾರ್ಯಕ್ರಮ ನಡೆಸುವವರು ಮೈಕಿಲ್ಲದೆ ಮಾತು ಶುರುವಾಗೋಕೆ ಬಿಡಬಾರದು, ವೇದಿಕೆ ಮೇಲೆ ಎಷ್ಟು ದೊಡ್ಡವರಿದ್ದರೂ ಸರಿ.

ಕೊನೆಸಾಲು

ಎಲ್ಲರಿಗೂ ಕೈ ಮುಗಿದು ಹೇಳ್ತಿದೀನಿ, ಇಷ್ಟು ಬರೆದು ಕೊಟ್ಟಿದ್ದಕ್ಕೆ. ಎಲ್ಲವನ್ನೂ ಪ್ರಿಂಟ್ ಮಾಡಿ ಸಮಿತಿಗೆ ಓದಿದೆ. ಎಡಗಿವಿ ಸರ್ ಅವರ ಹದಿನಾಲ್ಕನೆಯ ಸಾಲಿನ ಮಾತು ಓದುವಾಗ ಒಬ್ಬ ಹಿರಿಯ ಸದಸ್ಯರು ತಲೆ ತಗ್ಗಿಸಿದರು. ತಮಗೂ ಎರಡು ವರ್ಷದಿಂದ ಸಭೆಗಳಲ್ಲಿ ಅರ್ಧ ಮಾತು ತಿಳೀತಿಲ್ಲ ಅಂತ ಆಮೇಲೆ ಹೇಳಿದರು. ಪರೀಕ್ಷೆಗೆ ಒಪ್ಪಿಗೆ ಸಿಕ್ತು. ಪರದೆಗೂ ಜಾಗ ಗುರುತು ಮಾಡಿದ್ದಾರೆ.

ಶ್ರವಣಪಟ ಮೇಡಂ, ಅಮ್ಮನ ಮಷೀನ್ ತೋರಿಸೋಕೆ ಹೋಗಿದ್ವಿ. ಟೆಲಿಕಾಯಿಲ್ ಇದೆ. ಮೊದಲ ದಿನದಿಂದಲೂ ಇತ್ತು. ಕಂಪ್ಯೂಟರಿನಲ್ಲಿ ಆ ಪ್ರೋಗ್ರಾಮ್ ಆನ್ ಮಾಡೇ ಇರಲಿಲ್ಲ. ಎರಡು ನಿಮಿಷದಲ್ಲಿ ಮಾಡಿಕೊಟ್ಟರು. ಈಗ ಬಲಗಿವಿಯ ಗುಂಡಿ ಎರಡು ಸಲ ಒತ್ತಿದರೆ ಟಿ. ಆರು ವರ್ಷ ಅಮ್ಮ ಅದನ್ನ ಕಿವಿಯಲ್ಲಿಟ್ಟುಕೊಂಡು ಓಡಾಡಿದ್ದಾರೆ ಅಂತ ನೆನೆದರೆ ಹೊಟ್ಟೆ ಉರಿಯತ್ತೆ.

ಶ್ರವಣಪಟ

ಓದಿ ಬೇಸರವಾಯ್ತು, ಆಶ್ಚರ್ಯವಾಗಲಿಲ್ಲ. ಓದುತ್ತಿರುವ ಎಲ್ಲರೂ ಮುಂದಿನ ಭೇಟಿಯಲ್ಲಿ ಕೇಳಿ: ನನ್ನ ಮಷೀನಿನಲ್ಲಿ ಟೆಲಿಕಾಯಿಲ್ ಇದೆಯಾ, ಇದ್ದರೆ ಆನ್ ಆಗಿದೆಯಾ? ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಯಲ್ಲಿ ಕೂರಿಸುವ ಸಾಧನ) ಇರುವವರೂ ಕೇಳಿ, ಅದರಲ್ಲೂ ಇರಬಹುದು. ಹೊಸದು ಕೊಳ್ಳುವವರು ಟೆಲಿಕಾಯಿಲ್, ಆರಾಕಾಸ್ಟ್ ಎರಡರ ಬಗ್ಗೆಯೂ ವಿಚಾರಿಸಿ.

ಕೊನೆಸಾಲು

ನಿನ್ನೆ ಪರೀಕ್ಷೆ ಆಯ್ತು. ಬರಿಯ ಕಾಂಕ್ರೀಟ್ ನೆಲ, ಸುತ್ತಲೂ ತಂತಿ, ಅಲ್ಲಲ್ಲಿ ಟೇಪ್. ಎಂಜಿನಿಯರ್ ಒಬ್ಬರು ಮೀಟರ್ ಹಿಡಿದು ಸಾಲು ಸಾಲಾಗಿ ಅಳೀತಿದ್ದರು. ನಾನು ವೇದಿಕೆ ಮೇಲೆ ನಿಂತು ಮೈಕಿನಲ್ಲಿ ದಿನಪತ್ರಿಕೆ ಓದ್ತಿದ್ದೆ. ಅಮ್ಮ ಒಂದು ಮಡಚು ಕುರ್ಚಿ ಹಿಡ್ಕೊಂಡು ಹಿಂದಿನ ಗೋಡೆ ಹತ್ತಿರ ಕೂತರು, ಗುಂಡಿ ಒತ್ತಿದರು. ನಾನು ಓದೋದು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ನನಗೇ ಅಳು ಬರತ್ತೆ ಅಂತ ಗೊತ್ತಿತ್ತು. ಒಂದು ಪದ ತಪ್ಪು ಓದಿದೆ. ಅಮ್ಮ ಅಲ್ಲಿಂದಲೇ ಕೈಯೆತ್ತಿ ತಿದ್ದಿದರು.

ಆಮೇಲೆ ಅವರನ್ನ ಹಿಡಿಯೋಕೆ ಆಗಲಿಲ್ಲ. ಕುರ್ಚಿ ಎತ್ಕೊಂಡು ಒಂದೊಂದು ಕಡೆ ಹೋಗಿ ಕೂರೋದು, "ಇಲ್ಲಿ ಚೆನ್ನಾಗಿದೆ", "ಇಲ್ಲಿ ಮುಸುಕು ಹಾಕ್ದಂಗಿದೆ" ಅನ್ನೋದು. ಎಂಜಿನಿಯರ್ ಅವರು ಮೀಟರಿನ ಅಂಕಿ ಪಕ್ಕದಲ್ಲಿ ಅಮ್ಮನ ಮಾತನ್ನೂ ಬರ್ಕೊಂಡರು. ನಡುವಿನ ನಾಲ್ಕು ಸಾಲಿನಲ್ಲಿ ಇಬ್ಬರದೂ ತಾಳೆಯಾಯ್ತು: ಅಲ್ಲಿ ಹೆಚ್ಚು ಕಂಪನಾಂಕ ಬಿದ್ದುಹೋಗ್ತಿದೆ. ತಾಮ್ರದತಂತಿ ಸರ್ ಹೇಳಿದ ಕಬ್ಬಿಣದ ಸರಳೇ. ಒಂದು ಸುತ್ತಿನಲ್ಲಿ ಆಗಲ್ಲ, ಎರಡು ಲೂಪ್ ಬೇಕು ಅಂದರು.

ಮಂಗಳವಾರ ಎರಡನೇ ತಂತಿ ಹಾಸಿ ಮತ್ತೆ ಅಳೀತಾರೆ. ಅಮ್ಮ ಈಗಲೇ ಕೇಳ್ತಿದ್ದಾರೆ, ಎಷ್ಟು ಗಂಟೆಗೆ ಹೊರಡೋದು ಅಂತ.